ಪಾಣಿಪತ್ತಿನ ಉದ್ಯಾನದಲ್ಲಿ ಇಬ್ರಾಹಿಂ ಲೋದಿ: ಒಂದು ಪ್ರಕರಣ ಅಧ್ಯಯನ

ದೆಹಲಿಯಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ದೂರದ ಪಾಣಿಪತ್ ನಗರದಲ್ಲಿ, ತಹಸೀಲು ಕಚೇರಿಯ ಸಮೀಪದ ಸಾರ್ವಜನಿಕ ಉದ್ಯಾನವೊಂದರಲ್ಲಿ, ದೆಹಲಿ ಸುಲ್ತಾನರ ಪೈಕಿ ಕೊನೆಯವನಾದ ಇಬ್ರಾಹಿಂ ಲೋದಿಯ ಸಮಾಧಿ ಇದೆ. ಸುಲ್ತಾನನ ಸಮಾಧಿ ಎಂದೊಡನೆ ಗುಮ್ಮಟ, ಕಮಾನು, ಜಾಲಂಧ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಅಲ್ಲಿ ಸಿಗುವುದು ಇಟ್ಟಿಗೆಯ ಎತ್ತರದ ಕಟ್ಟೆ, ಅದನ್ನು ಹತ್ತಲು ಮೆಟ್ಟಿಲುಗಳು, ಮೇಲೆ ಬಿಸಿಲು ಮಳೆಗಳಿಗೆ ತೆರೆದುಕೊಂಡ ಗೋರಿ ಮತ್ತು ಒಂದು ಉರ್ದು ಶಾಸನ, ಇಷ್ಟೇ. ಉದ್ಯಾನಕ್ಕೆ ಬರುವವರಲ್ಲಿ ಹೆಚ್ಚಿನವರು ಬರುವುದು ನೆರಳಿಗೆ, ನಡಿಗೆಗೆ, ಕಚೇರಿಯ ಕೆಲಸ ಮುಗಿಯುವವರೆಗೆ ಹೊತ್ತು ಕಳೆಯುವುದಕ್ಕೆ. ಕಟ್ಟೆಯ ಮೆಟ್ಟಿಲುಗಳು ಅವರಿಗೆ ಕುಳಿತುಕೊಳ್ಳಲು ಅನುಕೂಲವಾಗಿವೆ.

ಇದನ್ನು ಕಂಡ ಬಹುತೇಕರು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ: ಸರ್ಕಾರದ ನಿರ್ಲಕ್ಷ್ಯ. ಮಾತು ಸುಳ್ಳಲ್ಲ, ಆದರೆ ಪೂರ್ತಿ ಸರಿಯೂ ಅಲ್ಲ. ಈ ಸಮಾಧಿಯ ಅಲಕ್ಷ್ಯಕ್ಕೆ ಸುಮಾರು ಐನೂರು ವರ್ಷಗಳ ಇತಿಹಾಸವಿದೆ, ಮತ್ತು ಅದರಲ್ಲಿ ಇಂದಿನ ಉದ್ಯಾನದ ಪಾಲು ತೀರಾ ಚಿಕ್ಕದು. ಹಿಂದೊಮ್ಮೆ ಇದ್ದ ವೈಭವ ಇಲ್ಲಿ ಕಾಲಕ್ರಮದಲ್ಲಿ ಕಳೆದುಹೋಗಲಿಲ್ಲ; ವೈಭವ ಇಲ್ಲಿಗೆ ಬರಲೇ ಇಲ್ಲ. ಹೀಗಿರುವಾಗ ‘ಜೀರ್ಣೋದ್ಧಾರ’ ಎಂದರೆ ಯಾವುದನ್ನು ಯಾವ ಸ್ಥಿತಿಗೆ ಮರಳಿಸುವುದು ಎಂಬ ಪ್ರಶ್ನೆಯೇ ಈ ಪ್ರಕರಣದ ತಿರುಳು.

ಇಬ್ರಾಹಿಂ 1517ರಲ್ಲಿ ತಂದೆ ಸಿಕಂದರ್ ಲೋದಿಯ ನಂತರ ಪಟ್ಟಕ್ಕೆ ಬಂದವನು. ಅಫ್ಘನ್ ಸರದಾರರು ಸುಲ್ತಾನನನ್ನು ಸಮಾನರಲ್ಲಿ ಮೊದಲಿಗನೆಂದು ಕಾಣುತ್ತಿದ್ದರು. ಇವನು ಅವರನ್ನು ಸೇವಕರನ್ನಾಗಿ ಕಾಣಬಯಸಿದನು. ಜೌನ್‌ಪುರದಲ್ಲಿ ತಮ್ಮನಾದ ಜಲಾಲ್ ಖಾನನೊಡನೆ ಸಿಂಹಾಸನದ ಜಗಳ, ಬಿಹಾರದಲ್ಲಿ ಸರದಾರರ ಬಂಡಾಯ, ಕೊನೆಗೆ ಪಂಜಾಬಿನ ಅಧಿಪತಿ ದೌಲತ್ ಖಾನ್ ಲೋದಿಯೇ ಕಾಬೂಲಿನ ಬಾಬರನಿಗೆ ಆಹ್ವಾನ ಕಳುಹಿಸಿದ್ದು, ಹೀಗೆ ಒಂಬತ್ತು ವರ್ಷಗಳ ಆಳ್ವಿಕೆ ಒಳಜಗಳದಲ್ಲೇ ಸವೆಯಿತು. ಸತ್ತ ಮೇಲೆ ಗೋರಿ ಕಟ್ಟಿಸುವಷ್ಟು ಪ್ರೀತಿಯುಳ್ಳ ಬಂಧುಬಳಗವನ್ನು ಅವನು ಬಿಟ್ಟುಹೋಗಲಿಲ್ಲ ಎನ್ನುವುದಕ್ಕೆ ಈ ಹಿನ್ನೆಲೆ ಬೇಕು.

1526ರ ಏಪ್ರಿಲ್‌ನಲ್ಲಿ ನಡೆದ ಕದನದ ಬಗ್ಗೆ ನಮಗಿರುವ ಅತ್ಯಂತ ಹತ್ತಿರದ ಸಾಕ್ಷ್ಯ ಗೆದ್ದವನ ದಿನಚರಿ. ಬಾಬರನ ಬಳಿ ಇದ್ದದ್ದು ಸುಮಾರು 12,000 ಜನ. ಎದುರಾಳಿಯ ಬಳಿ ಒಂದು ಲಕ್ಷ ಜನ ಮತ್ತು ಸಾವಿರದಷ್ಟು ಆನೆಗಳಿದ್ದವೆಂದು ಅವನು ಅಂದಾಜಿಸುತ್ತಾನೆ. ಗೆದ್ದವರು ಎದುರಾಳಿಯ ಸಂಖ್ಯೆಯನ್ನು ಹಿಗ್ಗಿಸುವುದು ವಾಡಿಕೆಯಾದ್ದರಿಂದ ಈ ಅಂಕಿಯನ್ನು ಹಾಗೆಯೇ ನುಂಗಬೇಕಾಗಿಲ್ಲ. ಬಲಕ್ಕೆ ಊರು, ಎಡಕ್ಕೆ ಕಂದಕ ಮತ್ತು ಕಡಿದು ಹಾಕಿದ ಕೊಂಬೆಗಳು, ಮುಂದೆ ಹಸಿ ತೊಗಲಿನ ಹಗ್ಗದಿಂದ ಒಂದಕ್ಕೊಂದು ಬಿಗಿದ ಸುಮಾರು 700 ಬಂಡಿಗಳು, ಅವುಗಳ ನಡುವೆ ಮರೆಗಳ ಹಿಂದೆ ಕೋವಿಕಾರರು. ಸೂರ್ಯ ಒಂದು ಭರ್ಜಿಯೆತ್ತರ ಏರಿದಾಗ ಶುರುವಾದ ಕದನ ನಡುಹಗಲಿನ ವೇಳೆಗೆ ಮುಗಿಯಿತು. ಇಬ್ರಾಹಿಂ ಓಡಿಹೋಗಿರಬಹುದೆಂದು ಭಾವಿಸಿ ಆಗ್ರಾದ ದಾರಿಯಲ್ಲಿ ಅವನ ಬೆನ್ನಟ್ಟಲು ಜನರನ್ನು ಕಳುಹಿಸಿಯೂ ಆಗಿತ್ತು. ಮಧ್ಯಾಹ್ನ ಕಳೆದ ಮೇಲೆ ತಾಹಿರ್ ತಿಬ್ರಿ ಎಂಬವನು ಹೆಣಗಳ ರಾಶಿಯಲ್ಲಿ ಸುಲ್ತಾನನನ್ನು ಗುರುತಿಸಿ ತಲೆಯನ್ನು ತಂದೊಪ್ಪಿಸಿದನು. ಒಂದೇ ಜಾಗದಲ್ಲಿ, ಇಬ್ರಾಹಿಂನ ಸುತ್ತ, ಐದಾರು ಸಾವಿರ ಜನ ಸತ್ತು ಬಿದ್ದಿದ್ದರೆಂದು ಬಾಬರ್ ಬರೆಯುತ್ತಾನೆ.

ಆ ಕೊನೆಯ ವಾಕ್ಯವನ್ನು ಸ್ವಲ್ಪ ನಿಂತು ಓದಬೇಕು. ಅನುಭವವಿಲ್ಲದವನು, ಸೈನಿಕರಿಗೆ ಹಣ ಬಿಚ್ಚಲಾರದ ಜಿಪುಣನು, ನಡೆಯಲೂ ನಿಲ್ಲಲೂ ಕಾದಲೂ ಕ್ರಮವರಿಯದವನು ಎಂದು ಇದೇ ಬಾಬರ್ ಇಬ್ರಾಹಿಂನನ್ನು ಜರಿದಿದ್ದಾನೆ. ಹಾಗಿದ್ದೂ ಅಷ್ಟು ಜನ ಅವನನ್ನು ಬಿಟ್ಟು ಓಡದೆ ಸುತ್ತುವರಿದು ಸತ್ತರು ಎಂಬ ಸಂಗತಿಯನ್ನು ಅವನು ಮುಚ್ಚಿಡಲಿಲ್ಲ. ದೆಹಲಿಯ ಸುಲ್ತಾನರಲ್ಲಿ ರಣರಂಗದಲ್ಲೇ ಮಡಿದವನು ಇಬ್ರಾಹಿಂ ಒಬ್ಬನೇ. ನಂತರದ ಅಫ್ಘನ್ ಚರಿತ್ರೆಕಾರರು ಇಲ್ಲಿಗೆ ಒಂದು ದೃಶ್ಯವನ್ನು ಸೇರಿಸುತ್ತಾರೆ: ಬಾಬರ್ ಶವದ ಬಳಿಗೆ ಬಂದು, ಅದರ ಶೌರ್ಯವನ್ನು ಕೊಂಡಾಡಿ, ಜರತಾರಿ ಬಟ್ಟೆ ತರಿಸಿ, ಸ್ನಾನ ಮಾಡಿಸಿ, ಬಿದ್ದ ಜಾಗದಲ್ಲೇ ಹೂಳಿಸಿದನೆಂದು. ಸೋತವರ ಕಡೆಯವರು ತಮ್ಮ ದೊರೆಯ ಮರ್ಯಾದೆಗಾಗಿ ಕಟ್ಟಿದ ಕಥೆ ಇದಾಗಿರಬಹುದು. ಬಾಬರನ ಸ್ವಂತ ಬರಹದಲ್ಲಿ ಇಂಥ ಸಂಭ್ರಮವೇನೂ ಇಲ್ಲ.

(ಇದೇ ದಿನಚರಿಯಲ್ಲಿ, ಹಿಂದೂಸ್ಥಾನದ ಅರಸರನ್ನು ಪಟ್ಟಿ ಮಾಡುವಾಗ, ನಾಡು ಮತ್ತು ಸೈನ್ಯಗಳ ಲೆಕ್ಕದಲ್ಲಿ ಹಿಂದೂ ಅರಸರಲ್ಲೆಲ್ಲ ದೊಡ್ಡವನು ವಿಜಯನಗರದ ರಾಜನೆಂದು ಬಾಬರ್ ಹೇಳುತ್ತಾನೆ. ಆಗ ಹಂಪಿಯಲ್ಲಿ ಆಳುತ್ತಿದ್ದವನು ಕೃಷ್ಣದೇವರಾಯ. ಕನ್ನಡದ ಓದುಗರು ಪಾಣಿಪತ್ತನ್ನು ದೂರದ ಊರೆಂದು ಬದಿಗಿಡುವ ಮುನ್ನ ಈ ಸಮಕಾಲೀನತೆಯನ್ನು ನೆನೆದರೆ ಒಳ್ಳೆಯದು.)

ಲೋದಿ ಮನೆತನದ ಮೂರು ತಲೆಮಾರಿನ ಸಮಾಧಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪಾಣಿಪತ್ತಿನ ಕಟ್ಟೆಯ ಬಡತನ ಎದ್ದು ಕಾಣುತ್ತದೆ. ಮನೆತನದ ಮೂಲಪುರುಷ ಬಹಲೂಲ್ 1489ರಲ್ಲಿ ತೀರಿಕೊಂಡನು. ದೆಹಲಿಯ ಚಿರಾಗ್ ದಿಲ್ಲಿಯಲ್ಲಿ ಅವನದೆಂದು ಗುರುತಿಸಲಾಗುವ ಸಮಾಧಿ ಮನೆಗಳ ಸಂದಣಿಯಲ್ಲಿ ಹುದುಗಿದೆ. ಮಗ ಸಿಕಂದರನಿಗೆ ಇಬ್ರಾಹಿಂ ಕಟ್ಟಿಸಿದ ಅಷ್ಟಕೋನದ ಸಮಾಧಿ ಇಂದು ದೆಹಲಿಯ ಲೋದಿ ಉದ್ಯಾನದಲ್ಲಿ, ಸುತ್ತಲೂ ಎತ್ತರದ ಪ್ರಾಕಾರದ ನಡುವೆ, ಸುಸ್ಥಿತಿಯಲ್ಲಿ ಉಳಿದಿದೆ. ಅದೂ ಸಾರ್ವಜನಿಕ ಉದ್ಯಾನವೇ: 1936ರಲ್ಲಿ ಅಲ್ಲಿದ್ದ ಹಳ್ಳಿಯನ್ನು ತೆರವುಗೊಳಿಸಿ ವೈಸರಾಯ್ ವಿಲ್ಲಿಂಗ್ಡನ್ ಅವರ ಪತ್ನಿಯ ಹೆಸರಿನಲ್ಲಿ ತೆರೆದ ಉದ್ಯಾನ, ಸ್ವಾತಂತ್ರ್ಯಾನಂತರ ಲೋದಿಗಳ ಹೆಸರು ಪಡೆಯಿತು. ಅಲ್ಲಿ ಬೆಳಗಿನ ನಡಿಗೆಗೆ ಬರುವವರಲ್ಲಿ ಸಿಕಂದರ್ ಯಾರೆಂದು ತಿಳಿಯದವರು ಸಾಕಷ್ಟು ಮಂದಿ ಇರಬಹುದು. ಆದರೂ ಕಟ್ಟಡದ ಗಾತ್ರವೇ ಅವರನ್ನು ಒಮ್ಮೆ ತಲೆಯೆತ್ತಿ ನೋಡುವಂತೆ ಮಾಡುತ್ತದೆ. ತಂದೆಗೆ ಅಷ್ಟು ಚೆಂದದ ಕಟ್ಟಡ ಕೊಟ್ಟ ಮಗನಿಗೆ ಅಂಥದ್ದನ್ನು ಕೊಡುವವರಿಲ್ಲದೆ ಹೋಯಿತು, ಏಕೆಂದರೆ ಅವನೊಂದಿಗೆ ವಂಶದ ಅಧಿಕಾರವೇ ಮುಗಿಯಿತು.

ಒಬ್ಬನು ಮಾತ್ರ ಕೊಡಬೇಕೆಂದುಕೊಂಡಿದ್ದನು. ಮೊಗಲರನ್ನು ಹಿಂದೂಸ್ಥಾನದಿಂದ ಓಡಿಸಿ ಅಫ್ಘನರ ಆಳ್ವಿಕೆಯನ್ನು ಮರಳಿ ತಂದ ಶೇರ್ ಶಾ ಸೂರಿ, ತನ್ನ ಈಡೇರದ ಆಸೆಗಳಲ್ಲಿ ಇಬ್ರಾಹಿಂ ಲೋದಿಗೆ ಪಾಣಿಪತ್ತಿನಲ್ಲಿ ಸಮಾಧಿ ಕಟ್ಟಿಸುವುದೂ ಒಂದೆಂದು ಹೇಳಿಕೊಂಡದ್ದನ್ನು ಚರಿತ್ರೆಕಾರ ಅಬ್ಬಾಸ್ ಖಾನ್ ಸರ್ವಾನಿ ದಾಖಲಿಸಿದ್ದಾನೆ. ಅದರಲ್ಲೊಂದು ವಿಶೇಷವಿದೆ. ಆ ಸಮಾಧಿಯ ಎದುರಿಗೆ, ತನ್ನ ಕೈಯಲ್ಲಿ ಸತ್ತ ಚಗತಾಯಿ ಸುಲ್ತಾನರಿಗೂ, ಎಂದರೆ ಮೊಗಲರ ಪಕ್ಷದ ಕುಲೀನರಿಗೂ, ಒಂದು ಸಮಾಧಿ ಕಟ್ಟಿಸಬೇಕು, ಶತ್ರು ಮಿತ್ರರಿಬ್ಬರೂ ಮೆಚ್ಚುವಂತೆ ಅದನ್ನು ಅಲಂಕರಿಸಬೇಕು ಎಂಬುದು ಅವನ ಬಯಕೆ. ಪಾಣಿಪತ್ತಿನ ನೆನಪನ್ನು ಇಷ್ಟು ಉದಾರವಾಗಿ ಕಲ್ಪಿಸಿಕೊಂಡ ಯೋಜನೆ ಆ ಮೇಲೆ ಇನ್ನೊಂದು ಬಂದಂತಿಲ್ಲ. ಶೇರ್ ಶಾ 1545ರಲ್ಲಿ ಕಾಲಿಂಜರ್ ಕೋಟೆಯ ಮುತ್ತಿಗೆಯಲ್ಲಿ ಮದ್ದು ಸಿಡಿದು ಸತ್ತನು. ಅವನಿಗೆ ಸಸರಾಮಿನಲ್ಲಿ ಕೆರೆಯ ನಡುವೆ ಭವ್ಯವಾದ ಸಮಾಧಿಯಾಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಮೊಗಲರು ದೆಹಲಿಗೆ ಮರಳಿದರು, ಪಾಣಿಪತ್ತಿನ ಯೋಜನೆ ಅಲ್ಲಿಗೆ ಮುಗಿಯಿತು.

ಆದರೂ ಆ ಗೋರಿಯನ್ನು ಎಲ್ಲರೂ ಮರೆತಿದ್ದರು ಎನ್ನುವಂತಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಗಮನಾರ್ಹವಾಗಿ ಕಂಡ ಸಂಗತಿ ಇದು: ಇಬ್ರಾಹಿಂನ ಸಮಾಧಿಗೆ ಗ್ವಾಲಿಯರ್ ಕಡೆಯ ಜನ ಯಾತ್ರೆ ಬರುತ್ತಿದ್ದರೆಂದು 19ನೆಯ ಶತಮಾನದ ಬ್ರಿಟಿಷ್ ದಾಖಲೆಗಳು ಹೇಳುತ್ತವೆ. ಅವರು ಬರುತ್ತಿದ್ದದ್ದು ಲೋದಿಗಾಗಿ ಅಲ್ಲ. ಅದೇ ಕದನದಲ್ಲಿ ಅದೇ ಪಕ್ಷದಲ್ಲಿ ಮಡಿದ ತಮ್ಮ ಹಳೆಯ ತೋಮರ್ ಮನೆತನದ ಕೊನೆಯ ರಾಜ ವಿಕ್ರಮಜೀತನಿಗಾಗಿ. ವಿಕ್ರಮಜೀತನಿಂದ ಗ್ವಾಲಿಯರ್ ಕೋಟೆಯನ್ನು ಕಸಿದುಕೊಂಡಿದ್ದವನು ಇದೇ ಇಬ್ರಾಹಿಂ. ಕೋಟೆ ಕಳೆದುಕೊಂಡವನು ಕಸಿದುಕೊಂಡವನ ಪಕ್ಕದಲ್ಲಿ ನಿಂತು ಸತ್ತನು, ಮತ್ತು ಅವನ ನಾಡಿನವರು ಕೈಮುಗಿಯಲು ಬೇರೆ ಗುರುತು ಇಲ್ಲದೆ ಸುಲ್ತಾನನ ಗೋರಿಗೇ ಕೈಮುಗಿದರು. ವಿಕ್ರಮಜೀತನ ಕುಟುಂಬ ಆಗ್ರಾದಲ್ಲಿತ್ತು. ಹುಮಾಯೂನ್ ಅಲ್ಲಿಗೆ ಬಂದಾಗ ಅವರು ಅವನಿಗೆ ಒಪ್ಪಿಸಿದ ಒಡವೆಗಳಲ್ಲಿ ಒಂದು ಹೆಸರಾಂತ ವಜ್ರವಿತ್ತು. ಇಡೀ ಜಗತ್ತಿನ ಎರಡೂವರೆ ದಿನದ ಊಟದಷ್ಟು ಅದರ ಬೆಲೆಯೆಂದು ಬಾಬರ್ ಬರೆದಿದ್ದಾನೆ. ವಜ್ರದ ಕಥೆ ಪ್ರವಾಸಿ ಪುಸ್ತಕಗಳಲ್ಲೆಲ್ಲ ಸಿಗುತ್ತದೆ, ವಜ್ರದ ಒಡೆಯ ಸತ್ತ ಜಾಗದ ಕಥೆ ಸಿಗುವುದಿಲ್ಲ.

ಈ ಯಾತ್ರೆಯ ತಂತು ಕಡಿದದ್ದು ರಸ್ತೆಯಿಂದ. ಗ್ರ್ಯಾಂಡ್ ಟ್ರಂಕ್ ರಸ್ತೆಯನ್ನು ಬ್ರಿಟಿಷರು ಹೊಸದಾಗಿ ನಿರ್ಮಿಸಿದ ಕಾಲದಲ್ಲಿ ಹಳೆಯ ಗೋರಿ ತನ್ನ ನೆಲೆ ಕಳೆದುಕೊಂಡಿತು. 1866ರಲ್ಲಿ ಆಡಳಿತ ಅದನ್ನು ಈಗಿನ ರೂಪದಲ್ಲಿ ಕಟ್ಟಿಸಿ, ಪಾಣಿಪತ್ ಕದನದಲ್ಲಿ ಇಬ್ರಾಹಿಂ ಲೋದಿ ಮಡಿದದ್ದನ್ನು ತಿಳಿಸುವ ಉರ್ದು ಶಾಸನವನ್ನು ಹಾಕಿಸಿತು. ಹಾಗಾಗಿ ಇಂದು ನಾವು ಕಾಣುವುದು 16ನೆಯ ಶತಮಾನದ ಲೋದಿ ಕಟ್ಟಡವಲ್ಲ, 19ನೆಯ ಶತಮಾನದ ನೆನಪಿನ ಕಟ್ಟೆ. ಅದಕ್ಕೆ ಬಳಸಿದ ಲಖೌರಿ ಇಟ್ಟಿಗೆಯನ್ನು ನೋಡಿ ತುಂಬ ಹಳೆಯದೆಂದು ನಂಬುವುದು ಸುಲಭ. ಇಂದಿನ ಇಟ್ಟಿಗೆಗಿಂತ ಬಹಳ ತೆಳ್ಳಗಿರುವ, ಸುಣ್ಣ ಮತ್ತು ಇಟ್ಟಿಗೆಪುಡಿಯ ಗಾರೆಯಲ್ಲಿ ಒತ್ತೊತ್ತಾಗಿ ಕೂರಿಸುವ ಈ ಇಟ್ಟಿಗೆ ಮೊಗಲರ ಕಾಲದಲ್ಲಿ ಉತ್ತರ ಭಾರತದಲ್ಲೆಲ್ಲ ಬಳಕೆಯಲ್ಲಿದ್ದು, 19ನೆಯ ಶತಮಾನದಲ್ಲೂ ಮುಂದುವರಿದಿತ್ತು. ಮೆಟ್ಟಿಲ ಬದಿಯಲ್ಲಿ ನಿಂತು ನೋಡಿದರೆ ಇಟ್ಟಿಗೆಯ ಒಂದೊಂದು ವರಸೆಯೂ ಎರಡು ಬೆರಳಿನಷ್ಟೇ ದಪ್ಪ, ಅವುಗಳ ನಡುವಿನ ಗಾರೆಯ ಗೆರೆ ಸಮವಾಗಿ ಓಡುತ್ತದೆ. ಕೆಲಸ ಸರಳ, ಆದರೆ ಒರಟಲ್ಲ.

ಇನ್ನು ಉದ್ಯಾನದ ವಿಷಯ. ಬೆಳೆಯುತ್ತಿರುವ ಜವಳಿ ನಗರದ ನಡುವೆ, ಕಚೇರಿಗಳ ಪಕ್ಕದಲ್ಲಿ, ಒಂದು ಖಾಲಿ ಜಾಗ ಖಾಲಿಯಾಗಿಯೇ ಉಳಿಯಲು ಬೇಲಿಯೂ ಹುಲ್ಲೂ ಬೇಕಾಗುತ್ತವೆ. ಚಿರಾಗ್ ದಿಲ್ಲಿಯಲ್ಲಿ ಬಹಲೂಲನಿಗೆ ಆದದ್ದು ಮೊಮ್ಮಗನಿಗೆ ಆಗದಿರಲು ಉದ್ಯಾನವೇ ಕಾರಣವೆಂದು ನಾನು ಭಾವಿಸುತ್ತೇನೆ. ಅದರ ಕೆಡುಕೂ ಅಲ್ಲೇ ಇದೆ. ಉದ್ಯಾನದ ದೃಷ್ಟಿಯಲ್ಲಿ ಸಮಾಧಿ ಒಂದು ಎತ್ತರದ ಆಸನ, ಒಂದು ತಿರುವು, ಹುಲ್ಲಿನ ನಡುವಿನ ಒಂದು ಅಡ್ಡಿ. ನಿರ್ವಹಣೆಯ ಕೆಲಸಗಾರನಿಗೆ ಕೊಟ್ಟ ಜವಾಬ್ದಾರಿ ನೀರು ಬಿಡುವುದು, ಎಲೆ ಗುಡಿಸುವುದು. ಗಾರೆ ಉದುರಿದೆಯೇ, ಸಂದಿನಲ್ಲಿ ಅರಳಿಯ ಸಸಿ ಹುಟ್ಟಿದೆಯೇ ಎಂದು ನೋಡುವುದು ಅವನ ಕೆಲಸವಲ್ಲ, ಯಾರ ಕೆಲಸವೆಂದು ಅವನಿಗೆ ಹೇಳಿದವರೂ ಇಲ್ಲ.

ಹುಲ್ಲಿಗೆ ಹಿತವಾದದ್ದು ಇಟ್ಟಿಗೆಗೆ ಹಿತವಲ್ಲ ಎಂಬುದನ್ನು ಉದ್ಯಾನ ನೋಡಿಕೊಳ್ಳುವವರು ಗಮನಿಸುವುದೇ ಇಲ್ಲ. ದಿನವೂ ನೀರುಣ್ಣುವ ನೆಲದ ತೇವ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲಕ್ಕೇರುತ್ತದೆ, ಜೊತೆಗೆ ಮಣ್ಣಿನ ಲವಣಗಳನ್ನೂ ಒಯ್ಯುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಲವಣ ಮೇಲ್ಮೈಯ ಹಿಂದೆ ಹರಳುಗಟ್ಟಿ ಇಟ್ಟಿಗೆಯ ಮುಖವನ್ನು ಪದರ ಪದರವಾಗಿ ಉದುರಿಸುತ್ತದೆ. ಉದುರಿದ ಜಾಗಕ್ಕೆ ಯಾರೋ ಒಳ್ಳೆಯ ಮನಸ್ಸಿನಿಂದ ಸಿಮೆಂಟು ಮೆತ್ತಿದರೆ ಕೇಡು ಇಮ್ಮಡಿ: ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ, ಒಳಗೆ ಸಿಕ್ಕ ನೀರು ಪಕ್ಕದ ಮೆತ್ತನೆಯ ಇಟ್ಟಿಗೆಯನ್ನು ತಿನ್ನುತ್ತದೆ. ಆದ್ದರಿಂದ ಇಂಥ ಕಟ್ಟೆಯ ಸುತ್ತ ಒಂದೆರಡು ಮೀಟರ್ ಅಗಲಕ್ಕೆ ಹುಲ್ಲು ತೆಗೆದು ಜಲ್ಲಿ ಹಾಸುವುದು, ನೀರಿನ ಪೈಪನ್ನು ದೂರ ಸರಿಸುವುದು, ಸಂದುಗಳನ್ನು ಸುಣ್ಣದ ಗಾರೆಯಿಂದಲೇ ತುಂಬುವುದು, ಸಸಿಗಳು ಬೇರೂರುವ ಮುನ್ನ ಕೀಳುವುದು ಮೊದಲ ಆರೈಕೆ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ವರ್ಷಕ್ಕೊಮ್ಮೆ ಬಂದು ನೋಡುವ ತಿಳಿದವನೊಬ್ಬ ಬೇಕು.

ಅದೇ ಊರಿನ ಬೇರೆ ಸ್ಥಳಗಳ ಜೊತೆ ಹೋಲಿಸಿದರೆ ರೋಗದ ಮೂಲ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಮಾಧಿಯಿಂದ ಹೆಚ್ಚು ದೂರವಿಲ್ಲದ ಬೂ ಅಲಿ ಶಾ ಕಲಂದರ್ ದರ್ಗಾದಲ್ಲಿ 1324ರಲ್ಲಿ ತೀರಿಕೊಂಡ ಸಂತನಿಗೆ ಇಂದಿಗೂ ಹೂವು, ಚಾದರ, ಹರಕೆ ಸಲ್ಲುತ್ತವೆ; ಅಲ್ಲಿಗೆ ಹೋಗುವ ದಾರಿಯನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಬಾಬರ್ ತನ್ನ ಗೆಲುವಿನ ನಂತರ ಕಟ್ಟಿಸಿದ ಕಾಬೂಲಿ ಬಾಗ್ ಮಸೀದಿ ಕಟ್ಟಡವಾಗಿ ನಿಂತಿದೆ, ಕಲಾ ಇತಿಹಾಸದ ಪುಸ್ತಕಗಳಲ್ಲಿ ಅದಕ್ಕೆ ಸ್ಥಾನವಿದೆ. ಊರಿನಿಂದ ಹೊರಗಿರುವ ಕಾಲಾ ಅಂಬ್‌ನಲ್ಲಿ 1761ರ ಜನವರಿ 14ರ ಮೂರನೆಯ ಕದನದ ಸ್ಮಾರಕವಿದೆ. ಮರಾಠರು ಸೋತ ಕದನವಾದರೂ ಪ್ರತಿ ಜನವರಿಯಲ್ಲಿ ಮಹಾರಾಷ್ಟ್ರದಿಂದ ಜನ ಬಂದು ಅಲ್ಲಿ ಗೌರವ ಸಲ್ಲಿಸುತ್ತಾರೆ. ಹಾಗಾದರೆ ಸೋಲು ತಾನಾಗಿ ಮರೆವಿಗೆ ಕಾರಣವಲ್ಲ. ಕಾಲಾ ಅಂಬ್‌ಗೆ ವಾರಸುದಾರರಿದ್ದಾರೆ, ದರ್ಗಾಕ್ಕೆ ಭಕ್ತರಿದ್ದಾರೆ, ಮಸೀದಿಗೆ ತನ್ನದೇ ರೂಪವಿದೆ. ಇಬ್ರಾಹಿಂನ ಕಟ್ಟೆಗೆ ಈ ಮೂರರಲ್ಲಿ ಒಂದೂ ಇಲ್ಲ. ಇದ್ದ ಒಂದೇ ಬಳಗ ಗ್ವಾಲಿಯರಿನವರದು, ಅದೂ ತಪ್ಪಿಹೋಯಿತು.

ಶಾಲೆಯ ಪಾಠವೂ ಇದಕ್ಕೆ ತನ್ನ ಪಾಲು ಸೇರಿಸಿದೆ. ‘ಮೊದಲನೆಯ ಪಾಣಿಪತ್ ಕದನ, 1526, ಬಾಬರ್ ಮತ್ತು ಇಬ್ರಾಹಿಂ ಲೋದಿ’ ಎಂಬ ಸಾಲನ್ನು ಉರು ಹೊಡೆಯದ ವಿದ್ಯಾರ್ಥಿ ಈ ದೇಶದಲ್ಲಿ ವಿರಳ. ಆದರೆ ಆ ಸಾಲಿನಲ್ಲಿ ಇಬ್ರಾಹಿಂ ಬರುವುದು ಮೊಗಲ್ ಸಾಮ್ರಾಜ್ಯದ ಬಾಗಿಲು ತೆರೆಯಲು ಮಾತ್ರ. ಬಾಗಿಲು ತೆರೆದ ಮೇಲೆ ಅವನ ಕೆಲಸವಿಲ್ಲ. ಕಂಠಪಾಠವಾದ ಹೆಸರಿನವನ ಗೋರಿಯ ಮೇಲೆಯೇ ಕುಳಿತಿದ್ದೇವೆಂದು ಮೆಟ್ಟಿಲ ಮೇಲಿನ ಜನಕ್ಕೆ ತಿಳಿಯದಿದ್ದರೆ ಅದು ಅವರ ಅಜ್ಞಾನವಲ್ಲ. ಸಮಾಧಿ ತನ್ನ ಮೈಮೇಲೆ ಹೊತ್ತಿರುವ ಬರಹ ಉರ್ದುವಿನಲ್ಲಿದೆ. 1866ರಲ್ಲಿ ಅದು ಆ ಪ್ರದೇಶದ ಆಡಳಿತಕ್ಕೂ ಓದುಬಲ್ಲವರಿಗೂ ಸಹಜವಾದ ಲಿಪಿಯಾಗಿತ್ತು, ಇಂದು ದಾರಿಹೋಕರಲ್ಲಿ ಅದನ್ನು ಓದಬಲ್ಲವರು ಬೆರಳೆಣಿಕೆಯಷ್ಟು.

ಏನು ಮಾಡಬೇಕೆಂಬ ಚರ್ಚೆ ಬಂದಾಗಲೆಲ್ಲ ಒಂದು ಸಲಹೆ ಕೇಳಿಬರುತ್ತದೆ: ಸುಲ್ತಾನನಿಗೆ ತಕ್ಕ ಗುಮ್ಮಟವೊಂದನ್ನು ಈಗಲಾದರೂ ಕಟ್ಟಬಾರದೇಕೆ? 2026ರ ಏಪ್ರಿಲ್‌ಗೆ ಕದನಕ್ಕೆ ಐನೂರು ವರ್ಷವಾದ್ದರಿಂದ ಇಂಥ ಮಾತಿಗೆ ಒಂದು ನೆಪವೂ ಸಿಕ್ಕಿದೆ. ನಾನು ಇದನ್ನು ಒಪ್ಪಲಾರೆ. ಕಟ್ಟದೇ ಉಳಿದದ್ದು ಇಲ್ಲಿನ ಇತಿಹಾಸದ ಭಾಗ. ಶೇರ್ ಶಾನಿಗೆ ಆಗದ್ದನ್ನು ಕಾಂಕ್ರೀಟಿನಲ್ಲಿ ಮಾಡಿ ತೋರಿಸಿದರೆ ಬರುವವರು ಅದನ್ನೇ ಲೋದಿ ಕಾಲದ್ದೆಂದು ನಂಬುತ್ತಾರೆ, 1866ರ ಇಟ್ಟಿಗೆಯ ಪ್ರಾಮಾಣಿಕತೆ ಹೂತುಹೋಗುತ್ತದೆ. ಬಣ್ಣ ಬಳಿಯುವುದು, ಟೈಲ್ಸ್ ಹಾಕುವುದು, ರಾತ್ರಿ ಬಣ್ಣದ ದೀಪ ಬಿಡುವುದು ಇವುಗಳ ಬಗ್ಗೆ ಹೇಳುವುದೇ ಬೇಡ. ಹಾಗೆಂದು ಜನರನ್ನು ಮೆಟ್ಟಿಲಿಂದ ಎಬ್ಬಿಸಿ, ಕಬ್ಬಿಣದ ಸರಳು ಹಾಕಿ, ಬೀಗ ಜಡಿಯುವುದನ್ನೂ ನಾನು ಬಯಸುವುದಿಲ್ಲ. ಬೀಗ ಹಾಕಿದ ಸ್ಮಾರಕದ ಒಳಗೆ ಗಿಡ ಬೆಳೆದರೂ ಕಸ ಬಿದ್ದರೂ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಜನ ಕುಳಿತಲ್ಲಿ ಕನಿಷ್ಠ ಹತ್ತು ಜೊತೆ ಕಣ್ಣುಗಳಿರುತ್ತವೆ. ಗೋರಿ ಇರುವ ಮೇಲಿನ ಕಟ್ಟೆಯನ್ನು ಮಾತ್ರ ಕಾಲ್ತುಳಿತದಿಂದ ಬಿಡಿಸಿ, ಕೆಳಗಿನ ಸುತ್ತನ್ನು ಜನರಿಗೇ ಬಿಡುವುದು ನ್ಯಾಯ.

ಬೇಕಾಗಿರುವುದು ಒಂದು ಫಲಕ, ಆದರೆ ನಮ್ಮ ಸ್ಮಾರಕಗಳ ಮುಂದೆ ಸಾಮಾನ್ಯವಾಗಿ ಕಾಣುವ, ಆಳ್ವಿಕೆಯ ಇಸವಿ ಮತ್ತು ದಂಡದ ಮೊತ್ತ ಹೇಳಿ ಮುಗಿಸುವ ಫಲಕವಲ್ಲ. ಹಿಂದಿ, ಉರ್ದು ಮತ್ತು ಇಂಗ್ಲಿಷಿನಲ್ಲಿ, ಮೆಟ್ಟಿಲ ಮೇಲೆ ಕುಳಿತವರ ಕಣ್ಣಿನ ಮಟ್ಟಕ್ಕೆ ಅದು ಇರಬೇಕು. ಈ ಕಟ್ಟೆ ಮೂಲ ಗೋರಿಯಲ್ಲ, ಹಳೆಯದು ರಸ್ತೆಯ ಕಾಮಗಾರಿಯಲ್ಲಿ ನೆಲೆ ಕಳೆದುಕೊಂಡ ಮೇಲೆ 1866ರಲ್ಲಿ ಆದದ್ದು ಎಂಬುದನ್ನು ಮೊದಲ ಸಾಲಿನಲ್ಲೇ ಮುಚ್ಚುಮರೆಯಿಲ್ಲದೆ ಹೇಳಬೇಕು. ಶೇರ್ ಶಾನ ಎರಡು ಸಮಾಧಿಗಳ ಯೋಜನೆ ಅದರಲ್ಲಿ ಬರಬೇಕು. ಸುಲ್ತಾನನ ಸುತ್ತ ಬಿದ್ದ ಐದಾರು ಸಾವಿರ ಜನರ ಬಗ್ಗೆ ಅವನ ವೈರಿಯೇ ಬರೆದ ಮಾತು ಬರಬೇಕು. ಇಬ್ರಾಹಿಂನ ಹೆಸರಿನ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಗ್ವಾಲಿಯರಿನ ವಿಕ್ರಮಜೀತನ ಹೆಸರೂ ಇರಬೇಕು. 1866ರ ಶಾಸನ ನಿಲ್ಲುವ ಮುನ್ನ ಇಲ್ಲಿಗೆ ದಾರಿ ಹುಡುಕಿಕೊಂಡು ಬರುತ್ತಿದ್ದವರು ಅವನ ಕಡೆಯವರೇ.